ಕುಸುಮಾಬಾಯಿ ಕೇಳಿದ ಕುಂಕುಮ

1978ರ ಬೇಸಿಗೆ. ಆಗ ನಾನು ತವರುಮನೆ ಖಾನಾಪುರದಲ್ಲಿದ್ದೆ. ಬೆಳಗಾವಿಯ ವಡಗಾವಿಗೆ, ನೇಕಾರರ ಮನೆಗೆ ನನ್ನನ್ನು ಕೊಟ್ಟಿದ್ದರು. ಎರಡನೆಯ ಕೂಸೂ ಹುಟ್ಟಿದ ದಿನವೇ ಹೋದ ಮೇಲೆ ನಮ್ಮ ಅತ್ತೆ, "ನಾಕ ದಿನಾ ತವರಮನ್ಯಾಗ ಇದ್ದು ಮೈ ಗಟ್ಟಿ ಮಾಡ್ಕೊಂಡು ಬಾ" ಎಂದು ಕಳಿಸಿದ್ದರು. ಆ ನಾಲ್ಕು ದಿನ ಹಿಗ್ಗುತ್ತ ಹೋಗಿ ತಿಂಗಳುಗಳೇ ಆದವು. ಕರೆಯಲು ಯಾರೂ ಬರಲಿಲ್ಲ. ನನ್ನ ಗಂಡ ಒಳ್ಳೆಯವರೇ, ಇಲ್ಲವೆನ್ನುವುದಿಲ್ಲ. ಆದರೆ ತಾಯಿಯ ಮುಂದೆ ಅವರ ಬಾಯಿ ಮಗ್ಗದ ಲಾಳಿಯಷ್ಟೂ ಸದ್ದು ಮಾಡುತ್ತಿರಲಿಲ್ಲ.

ಅದೇ ಹೊತ್ತಿಗೆ ಪಕ್ಕದ ಮನೆಯ ಹುಡುಗಿಯ ಕುಬಸ ಬಂತು. ತುಂಬು ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ಇಡಿಸಿ, ಆರತಿ ಮಾಡುವ ಕಾರ್ಯ. ನಾನೂ ಒಳ್ಳೆಯ ಸೀರೆ ಉಟ್ಟು ಹೋಗಿ ಸಾಲಿನಲ್ಲಿ ಕುಳಿತೆ. ಕುಂಕುಮದ ತಟ್ಟೆ ಕೈಯಿಂದ ಕೈಗೆ ಬರುತ್ತ ನನ್ನ ಎಡಬದಿಯವಳ ತನಕ ಬಂತು. ಅವಳು ಅದನ್ನು ನನ್ನ ಮುಂದಿನಿಂದ ದಾಟಿಸಿ ಬಲಬದಿಯವಳಿಗೆ ಕೊಟ್ಟುಬಿಟ್ಟಳು. ಯಾರೂ ಏನೂ ಅನ್ನಲಿಲ್ಲ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ನನಗೇನು ಬಾಯಿ ಇಲ್ಲವೇ! ಸುಮ್ಮನೆ ದಾಟಿಸಿದ್ದಕ್ಕೆ ಏನು ಮಾಡಲಿ? ಮನೆಗೆ ಬಂದು ಹಿತ್ತಲಿನ ಬಾವಿಕಟ್ಟೆಯ ಮೇಲೆ ಕುಳಿತು ಮನಸಾರೆ ಅತ್ತುಬಿಟ್ಟೆ.

ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ನಮ್ಮ ಹಿತ್ತಲಲ್ಲಿ ಒಂದು ಖಾಲಿ ಕೋಣೆಯಿತ್ತು. ಆ ತಿಂಗಳು ಊರಿಗೆ ನಾಟಕ ಕಂಪನಿ ಬಂದು, ಬಯಲಿನಲ್ಲಿ ತಗಡಿನ ಥಿಯೇಟರ್ ಎಬ್ಬಿಸಿದಾಗ ಅಪ್ಪ ಆ ಕೋಣೆಯನ್ನು ಕಂಪನಿಯ ದೊಡ್ಡ ನಟಿ ಕುಸುಮಾಬಾಯಿ ಮತ್ತು ಅವರ ಗಂಡನಿಗೆ ಕೊಟ್ಟರು. ಗಂಡ ಅದೇ ಕಂಪನಿಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುವವರು. ಎಲ್ಲರೂ ಪೇಟಿ ಮಾಸ್ತರ ಅಂತಲೇ ಕರೆಯುತ್ತಿದ್ದರು.

"ನಾಟಕದವರಿಗೆ ಮನಿ ಕೊಡ್ತಾರೇನ್ರಿ? ಮಂದಿ ಏನಂದಾರು?" ಎಂದು ಅವ್ವ ಮೂಗು ಮುರಿದಳು.

"ಮಂದಿಗಿ ಏನ ಕೆಲಸಾ? ಬಾಯಿ ಐತಿ, ಅಂತಾರ" ಎಂದರು ಅಪ್ಪ.

ಮರುದಿನ ಬೆಳಗ್ಗೆಯೇ ರಾದ್ಧಾಂತ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಹಿತ್ತಲಿನಿಂದ ಒಂದು ಕೂಗು ಬಂತು. "ಪಾಪಿ! ನನ್ನ ಕಣ್ಣೆದುರೇ ನನ್ನ ಗಂಡನನ್ನು ಕೊಂದೆಯಾ!" ಅವ್ವ ಹಿಟ್ಟಿನ ಕೈಯಲ್ಲೇ ಸವಟು ಹಿಡಿದು ಓಡಿದಳು, ಅವಳ ಹಿಂದೆ ನಾನು, ನನ್ನ ಹಿಂದೆ ಅರ್ಧ ಗಡ್ಡ ಬೋಳಿಸಿಕೊಂಡ ಅಪ್ಪ. ಹೋಗಿ ನೋಡಿದರೆ ಕುಸುಮಾಬಾಯಿ ಬಾವಿಕಟ್ಟೆಯ ಮೇಲೆ ಸೀರೆಗೆ ಸಾಬೂನು ತಿಕ್ಕುತ್ತ ಮಾತು ಬಾಯಿಪಾಠ ಮಾಡುತ್ತಿದ್ದಾರೆ. ಕೊಲೆಯಾದ ಗಂಡ ಬಾಜೂಕೆ ಕುಂತು ಹಾಯಾಗಿ ಚಹಾ ಕುಡಿಯುತ್ತಿದ್ದಾರೆ.

"ಹೆದರಬ್ಯಾಡ್ರಿ ಅಕ್ಕಾರ" ಎಂದರು ಪೇಟಿ ಮಾಸ್ತರ, "ನಾ ದಿನಾ ಸಾಯಾಂವನ. ರೂಢಿ ಆಗೇತಿ."

ಅವ್ವ ನಕ್ಕಳು ನೋಡಿ, ಅಲ್ಲಿಗೆ ಎಲ್ಲ ಮುಗಿಯಿತು. ವಾರ ಕಳೆಯುವುದರೊಳಗೆ ಶೇಂಗಾ ಚಟ್ನಿ ಆ ಕಡೆ, ಕರಿಂಡಿ ಈ ಕಡೆ ಓಡಾಡತೊಡಗಿದವು.

ಕುಸುಮಾಬಾಯಿ ಎತ್ತರದ ಹೆಂಗಸು, ಕಪ್ಪು ಮುಖ, ದೊಡ್ಡ ಕಣ್ಣು. ಹಣೆಯ ಮೇಲೆ ರೂಪಾಯಿ ಅಗಲದ ಕುಂಕುಮ. ಸುಮ್ಮನೆ "ನೀರು ಕೊಡು" ಎಂದರೂ ಹಿಂದಿನ ಸಾಲಿನವರಿಗೆ ಕೇಳಬೇಕು, ಅಂಥ ಗಂಟಲು. ಸಂಜೆ ಕಣ್ಣಿಗೆ ಕಾಡಿಗೆ ತೀಡುತ್ತ ತಮ್ಮ ಕತೆ ಹೇಳುವರು. ಚಿಕ್ಕವರಿದ್ದಾಗ ಕಂಪನಿಯಲ್ಲಿ ರಾಜಕುಮಾರನ ಪಾತ್ರ ಮಾಡಿದವರಂತೆ. ನಂತರ ನಾಯಕಿ. ಆಮೇಲೆ ಮದ್ರಾಸಿನಿಂದ ಸಿನೆಮಾದವರು ಬಂದು ಕರೆದುಕೊಂಡು ಹೋದರಂತೆ.

"ಅಲ್ಲಿ ನಂದೊಂದ ಅಳೂ ಸೀನ ಇತ್ತವಾ ತಂಗಿ. ಕಣ್ಣಿಗೆ ಹಚ್ಚೂದು ಏನೋ ಔಷಧ ತಂದ್ರು. ಬ್ಯಾಡ್ರಿ, ನನಗ ಅಳಾಕ ಬರ್ತೈತಿ ಅಂದೆ. ಅಂದಾಕಿನ ಜೋರ ಅತ್ತಬಿಟ್ಟೆ. ಡೈರೆಕ್ಟರ್ ಓಡಿ ಬಂದು, ಯವ್ವ ತಾಯಿ, ಇನ್ನೂ ಲೈಟ ಹಚ್ಚಿಲ್ಲ, ಈಗ ಅಳಬ್ಯಾಡಾ ಅಂತ ಕೈ ಮುಗದಾ!"

"ಆಮ್ಯಾಲೇನಾತ್ರಿ?"

"ಲೈಟ ಹಚ್ಚಿದ ಮ್ಯಾಲ ಅಳೂನ ಬರಲಿಲ್ಲ. ಎದುರಿಗೆ ಮಂದಿ ಇಲ್ಲ, ಬಾಜೂಕ ಪೇಟಿ ಇಲ್ಲ. ಯಾರಿಗಂತ ಅಳೂದು?" ಎಂದು ಗಹಗಹಿಸಿ ನಕ್ಕರು. ಕೆಲವು ಸಿನೆಮಾ ಮಾಡಿ, ಮಾಸ್ತರರ ಪೇಟಿ ಇಲ್ಲದೆ ಇರಲಾರೆನೆಂದು ಕಂಪನಿಗೇ ವಾಪಸ್ ಬಂದವರು ಅವರು.

ಒಂದು ರವಿವಾರ ಬೆಳಗ್ಗೆ ನನ್ನನ್ನು ಕರೆದರು. ಮಧ್ಯಾಹ್ನ ಹೆಣ್ಣುಮಕ್ಕಳಿಗೆಂದೇ ಆಟವಿತ್ತು. ಆ ನಾಟಕದಲ್ಲಿ ಅವರ ಗಂಡ ಸಾಯುತ್ತಾನೆ. ರಂಗದ ಮೇಲೆಯೇ ಬಳೆ ಒಡೆದು, ಕುಂಕುಮ ಅಳಿಸುತ್ತಾರೆ. ಅವರಲ್ಲೊಂದು ಪದ್ಧತಿಯಿತ್ತು. ರಂಗದ ಮೇಲೆ ವಿಧವೆಯಾದವಳು ಒಳಗೆ ಬಂದ ತಕ್ಷಣ, ಬಣ್ಣ ತೆಗೆಯುವ ಮೊದಲೇ, ಮುತ್ತೈದೆಯೊಬ್ಬಳು ಅವಳಿಗೆ ಕುಂಕುಮ ಹಚ್ಚಿ ಹಸಿರು ಬಳೆ ಇಡಿಸಬೇಕು. ಇಲ್ಲದಿದ್ದರೆ ಆಟದ ಅಮಂಗಳ ಮನೆತನಕ ಬರುತ್ತದೆ ಎಂಬ ಭಯ. ಕಂಪನಿ ಮಾಲಕರ ಹೆಂಡತಿ ಯಾವಾಗಲೂ ಅದನ್ನು ಮಾಡುತ್ತಿದ್ದರಂತೆ. ಅವರು ಮಗಳ ಬಾಣಂತನಕ್ಕೆ ಹೋಗಿದ್ದರು. ಕಂಪನಿಯ ಉಳಿದ ನಟಿಯರು ಲಗ್ನವಾಗದ ಹುಡುಗಿಯರು.

"ಶಾರವ್ವ, ಇವತ್ತ ನೀ ಬಾರವಾ. ನನಗ ಕುಂಕುಮ ಹಚ್ಚಾಕ."

"ಬ್ಯಾಡ್ರಿ ಅಕ್ಕಾರ. ಅವ್ವನ್ನ ಕರೀರಿ. ನನ್ನ ಕೈ ಒಳ್ಳೇದಲ್ಲರಿ."

"ಯಾರಂದ್ರು?"

ಯಾರು ಅಂದರು ಎಂದು ಹೇಳಲಿ? ಯಾರೂ ಅಂದಿರಲಿಲ್ಲವಲ್ಲ. ಎರಡು ಕೂಸು ಹೋದದ್ದು, ಅತ್ತೆ ಕರೆಯದೆ ಇರುವುದು, ಕುಬಸದಲ್ಲಿ ತಟ್ಟೆ ದಾಟಿದ್ದು, ಎಲ್ಲವನ್ನೂ ಅಳುತ್ತ ಹೇಳಿದೆ. ಅವರು ಕೇಳುತ್ತ ಕೇಳುತ್ತ ಕಾಡಿಗೆ ಡಬ್ಬಿ ಮುಚ್ಚಿಟ್ಟರು.

"ನಂದೂ ಒಂದ ಹೋಗೇತಿ ತಂಗಿ" ಎಂದರು. "ಯಾವದೋ ಊರಿನ ಕ್ಯಾಂಪಿನಾಗ. ಆ ಊರಾಗ ಮಣ್ಣ ಮಾಡಿ ಬಂದ್ವಿ. ವಾರ ಕಳದಿದ್ದಿಲ್ಲ, ನನ್ನ ಪಾತ್ರ ಇತ್ತು. ರಾಣಿ ಪಾತ್ರ. ತೊಟ್ಟಲಾ ತೂಗಿ ಜೋಗುಳ ಹಾಡಬೇಕು. ತೊಟ್ಟಲದಾಗ ಕಟಗೀ ಗೊಂಬಿ. ಹಾಡಿದೆ. ಮಾಸ್ತರು ಪೇಟಿ ಬಾರಿಸಿದ್ರು. ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಲಿಲ್ಲ." ನನ್ನ ಕೈ ಹಿಡಿದು ಎಳೆದರು. "ಇದ ಕೈನ ಬೇಕು ನನಗ. ನಡಿ."

ಹೋದೆ. ಪರದೆಯ ಬದಿಯಲ್ಲಿ ಕುಂಕುಮದ ಭರಣಿ, ಬಳೆ ಹಿಡಿದು ನಿಂತೆ. ಖಾನಾಪುರದಲ್ಲಿ ಕನ್ನಡ ಎಷ್ಟೋ ಮರಾಠಿಯೂ ಅಷ್ಟೇ. ಗಂಡನ ಹೆಣ ಬಿದ್ದಾಗ ಕುಸುಮಾಬಾಯಿ ಕನ್ನಡದಲ್ಲಿ ಗೋಳಾಡುತ್ತ ನಡುವೆಯೇ ಮರಾಠಿಯಲ್ಲಿ ನಾಲ್ಕು ಮಾತು ಸೇರಿಸಿಬಿಟ್ಟರು. ಕೆಳಗಿದ್ದ ಹೆಂಗಸರು "ಅಗ ಬಾಯೀ!" ಎಂದು ಸೆರಗು ಕಣ್ಣಿಗೆ ಹಚ್ಚಿಕೊಂಡರು. ಬದಿಯಲ್ಲಿ ಪೇಟಿ ಮಾಸ್ತರ ತಲೆ ತಗ್ಗಿಸಿ ಬಾರಿಸುತ್ತಿದ್ದರು. ತನ್ನ ಹೆಂಡತಿ ವಿಧವೆಯಾಗಿ ಅಳುವುದಕ್ಕೆ ತಾನೇ ಸ್ವರ ಕೊಡುವ ಗಂಡಸನ್ನು ನಾನು ಅಲ್ಲಿ ನೋಡಿದ್ದೇ ಮೊದಲು, ಅದೇ ಕೊನೆ.

ಕುಸುಮಾಬಾಯಿ ಒಳಗೆ ಬಂದು ಟ್ರಂಕಿನ ಮೇಲೆ ಕುಳಿತು ಕಣ್ಣು ಮುಚ್ಚಿದರು. ಬರಿದಾದ ಹಣೆ ನೋಡಿ ನನಗೆ ಖರೇನೇ ಹೆದರಿಕೆಯಾಯಿತು. ಬಳೆ ಹೇಗೋ ಇಡಿಸಿದೆ. ಕುಂಕುಮ ಹಚ್ಚುವಾಗ ಕೈ ನಡುಗಿ ಅರ್ಧ ಕುಂಕುಮ ಮೂಗಿನ ಮೇಲೆ ಚೆಲ್ಲಿತು. ಸತ್ತೆ, ಇದೂ ಅಪಶಕುನವೇ ಆಯಿತಲ್ಲ ಎಂದು ನಾನು ಕಲ್ಲಾಗಿ ನಿಂತೆ. ಅವರು ಕಣ್ಣು ತೆರೆದು ಕನ್ನಡಿ ನೋಡಿಕೊಂಡರು.

"ಭೇಷ್! ನನ್ನ ಗಂಡನ ಆಯುಷ್ಯ ಮೂಗಿನ ಮಟಾ ಬಂತು ನೋಡು."

ಅಷ್ಟರಲ್ಲಿ ಪರದೆ ಸರಿಸಿ ಪೇಟಿ ಮಾಸ್ತರ ಮುಖ ಹಾಕಿದರು. "ಏನವಾ, ಇವತ್ತ ಬದುಕಿದೆನೇನು?"

"ಬದುಕೀರಿ, ಹೋಗ್ರಿ, ಚಹಾ ಕುಡೀರಿ" ಎಂದರು ಕುಸುಮಾಬಾಯಿ. ಇದು ಅವರಿಬ್ಬರ ನಿತ್ಯದ ಆಟವಂತೆ. ನಾನು ಆ ಬೇಸಿಗೆಯಲ್ಲಿ ಮೊದಲ ಸಲ ಜೋರಾಗಿ ನಕ್ಕೆ.

ಆಮೇಲೆ ಪ್ರತಿ ರವಿವಾರ ನಾನೇ. ಓಣಿಯಲ್ಲಿ ಸುದ್ದಿ ಹಬ್ಬಿತು, "ಕುಸುಮಾಬಾಯಿಗಿ ಕುಂಕುಮ ಹಚ್ಚಾಕಿ ಈಕಿನ ನೋಡ್ರಿ" ಎಂದು. ಕುಬಸದಲ್ಲಿ ತಟ್ಟೆ ದಾಟಿಸಿದವಳೇ ತನ್ನ ಮನೆಯ ಆರತಿಗೆ ಕರೆಯಲು ಬಂದಳು. ಹೋದೆ, ಆದರೆ ಸ್ವಲ್ಪ ಬಿಗಿದುಕೊಂಡು ಹೋದೆ. ನಾನೇನು ಸಂತಳಲ್ಲ.

ಸುದ್ದಿ ವಡಗಾವಿಗೂ ಮುಟ್ಟಿತು. ನಮ್ಮ ಅತ್ತೆಗೆ ನಾಟಕವೆಂದರೆ ಪ್ರಾಣ. ಒಂದು ರವಿವಾರ ಬೆಳಗಾವಿಯ ಸಿಹಿ ಕುಂದಾದ ಪೊಟ್ಟಣ ಹಿಡಿದು ಬಸ್ಸಿನಿಂದ ಇಳಿದೇಬಿಟ್ಟರು. ಸೊಸೆಯನ್ನು ನೋಡಲು ಬಂದೆ ಎಂದರು. ಯಾರನ್ನು ನೋಡಲು ಬಂದಿದ್ದರೋ ದೇವರೇ ಬಲ್ಲ! ಆಟ ಮುಗಿದ ಮೇಲೆ ಕುಂದಾ ಹಿಡಿದು ಬಣ್ಣದ ಕೋಣೆಗೆ ಬಂದರು. ನಾನು ಕುಂಕುಮ ಹಚ್ಚುತ್ತಿದ್ದೆ. ಕುಸುಮಾಬಾಯಿ ಅವರನ್ನು ಮೇಲಿನಿಂದ ಕೆಳತನಕ ನೋಡಿದರು.

"ಬರ್ರಿ, ಕುಂದರ್ರಿ. ಶಾರವ್ವನ ಅತ್ತಿಯವರು ನೀವ ಏನ್ರಿ? ನಿಮ್ಮ ಸೊಸಿ ಕೈಗುಣ ದೊಡ್ಡದರಿ. ನನ್ನ ಗಂಡನ್ನ ಪ್ರತಿ ವಾರ ಬದಕಸ್ತಾಳ. ನೀವು ಕರಕೊಂಡು ಹೋಗೂದಿಲ್ಲಂದ್ರ ಹೇಳಿಬಿಡ್ರಿ, ನಮ್ಮ ಕಂಪನಿ ಜೋಡಿ ಕರಕೊಂಡು ಹೋಗತೀನಿ."

ಅತ್ತೆಯ ಮುಖ ನೋಡಬೇಕಿತ್ತು! "ಅಯ್ಯ, ಹೆಂಗರಿ ಬಾಯಾರ! ಕರಕೊಂಡು ಹೋಗಾಕನ ಬಂದೇನಿ" ಎಂದರು. ಮರುದಿನ ನಾನು ವಡಗಾವಿಯ ಬಸ್ ಹತ್ತಿದೆ. ಕುಸುಮಾಬಾಯಿ ನನ್ನ ಉಡಿಗೆ ತೆಂಗಿನಕಾಯಿ ಹಾಕಿ, "ಬಾಯಿ ಮುಚ್ಚಬ್ಯಾಡ ತಂಗಿ. ನಿನ್ನ ಬಾಯಿ ಚಲೋ ಐತಿ" ಎಂದು ಕಿವಿಯಲ್ಲಿ ಹೇಳಿದರು.

ಮುಂದೆ ನನಗೆ ಮಗಳು ಹುಟ್ಟಿದಳು, ಗಿರಿಜಾ. ಗುಂಡುಕಲ್ಲಿನಂಥ ಕೂಸು. ಕುಸುಮಾಬಾಯಿ ಮತ್ತೊಂದು ಸಿನೆಮಾದಲ್ಲಿ ನಾಯಕನ ತಾಯಿಯಾಗಿ ಕಾಣಿಸಿಕೊಂಡಾಗ ಅತ್ತೆ ಮಗ್ಗ ನಿಲ್ಲಿಸಿ ಇಡೀ ಓಣಿಯನ್ನೇ ಟಾಕೀಸಿಗೆ ಹೊರಡಿಸಿದರು. ಪರದೆಯ ತುಂಬ ಅವರ ಮುಖ ಬಂದಾಗ ಅತ್ತೆ ಕುರ್ಚಿಯಿಂದ ಎದ್ದು, "ಆ ಹಣೀಗೆ ನಮ್ಮ ಸೊಸಿ ಕುಂಕುಮ ಹಚ್ಯಾಳ!" ಎಂದು ಕೂಗಿದರು. ಹಿಂದಿನವರು "ಕುಂದ್ರವಾ ಯವ್ವ" ಎಂದು ಬೈದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಆಮೇಲೆ ಮಾವ ತೀರಿಕೊಂಡರು. ಅಷ್ಟು ಜೋರಿನ ಅತ್ತೆ ತಾವಾಗಿಯೇ ಕಾರ್ಯಗಳಿಂದ ಹಿಂದೆ ಸರಿದರು. ನಾವು ಬಸವಣ್ಣನ ದಾರಿಯವರು, ನಮ್ಮಲ್ಲಿ ಸೂತಕ ಗೀತಕ ಇಲ್ಲ ಎಂದು ಬಾಯಿಯಲ್ಲಿ ಹೇಳುತ್ತೇವೆ. ಆದರೆ ಅತ್ತೆಯ ಹಣೆಯಲ್ಲಿ ವಿಭೂತಿ ಮಾತ್ರ ಉಳಿಯಿತು. ಯಾರೂ ಏನೂ ಅನ್ನಲಿಲ್ಲ, ತಟ್ಟೆ ಅವರನ್ನೂ ದಾಟತೊಡಗಿತು.

1986ರಲ್ಲಿ ಆ ಕಂಪನಿ ಬೆಳಗಾವಿಗೆ ಬಂತು. ನಾನು ಗಿರಿಜೆಯನ್ನು ಕರೆದುಕೊಂಡು ಓಡಿದೆ. ಬಣ್ಣದ ಕೋಣೆಯಲ್ಲಿ ಕುಸುಮಾಬಾಯಿ ಟ್ರಂಕಿನ ಮೇಲೆ ಕುಳಿತು, ಒದ್ದೆ ಬಟ್ಟೆಯಿಂದ ಹಣೆಯ ಕುಂಕುಮ ಒರೆಸಿಕೊಳ್ಳುತ್ತಿದ್ದರು. ನನ್ನನ್ನು ನೋಡಿ ಕೈ ನಿಂತಿತು. ಪೇಟಿಯ ಮುಂದೆ ಬೇರೊಬ್ಬರು ಕುಳಿತಿದ್ದನ್ನು ನಾನು ಬರುವಾಗಲೇ ನೋಡಿದ್ದೆ. ಕೇಳಬೇಕಾದ್ದೇನೂ ಇರಲಿಲ್ಲ.

"ಹೋದ ಮಳಿಗಾಲದಾಗ" ಎಂದರು. "ಮದಲೆಲ್ಲಾ ಆಟದಾಗ ಅಳಿಸಿ, ಒಳಗ ಬಂದು ಹಚ್ಚಿಸಿಕೋತಿದ್ದೆ ಶಾರವ್ವ. ಈಗ ತಾಯಿ ಪಾತ್ರ. ಆಟದಾಗ ಹಚ್ಚಿಕೋತೀನಿ, ಒಳಗ ಬಂದು ಅಳಿಸಿಕೋತೀನಿ." ಒದ್ದೆ ಬಟ್ಟೆ ಮಡಚಿಟ್ಟು, "ಜ್ವರದಾಗ ನಿನ್ನ ನೆನಸಿದ್ರು. ಆ ಖಾನಾಪುರದ ಹುಡುಗಿ ಇದ್ದಿದ್ರ ಮತ್ತೊಮ್ಮಿ ಬದಕತಿದ್ದೆ ಅಂತ ನಕ್ಕರು" ಎಂದರು.

ನನ್ನಿಂದ ತಡೆಯಲಾಗಲಿಲ್ಲ. ಅವರ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ನನ್ನನ್ನು ಸಮಾಧಾನ ಮಾಡುವ ಕೆಲಸವೂ ಅವರ ಪಾಲಿಗೇ ಬಂತು.

ಆ ವಾರವೇ ನಮ್ಮ ಮನೆಯಲ್ಲಿ ನಾದಿನಿ ಸುಶೀಲಾಳ ಕುಬಸವಿತ್ತು. ಅತ್ತೆಯೇ, "ಬಾಯಾರನ್ನ ಕರಕೊಂಡ ಬಾ" ಎಂದರು. ಕುಸುಮಾಬಾಯಿ ಬಂದರು. ಬಂದವರು ಮುಂದೆ ಕೂರಲಿಲ್ಲ. ಮಗ್ಗದ ಬಳಿ, ಸಾಲಿನ ತುದಿಯಲ್ಲಿ, ಅತ್ತೆಯ ಪಕ್ಕ ಕುಳಿತರು. ಹೆತ್ತ ಮಗಳ ಕುಬಸದಲ್ಲಿ ಅತ್ತೆ ಅವಳ ಹತ್ತಿರ ಬಂದಿರಲಿಲ್ಲ. ದೂರದಿಂದಲೇ, "ಸೆರಗು ಸರಿ ಮಾಡ್ರೇ ಆಕಿದು" ಎನ್ನುತ್ತಿದ್ದರು.

ಮನೆಯ ಸೊಸೆಯಾಗಿ ನಾನೇ ಸುಶೀಲಾಳಿಗೆ ಆರತಿ ಮಾಡಿ, ಕುಂಕುಮದ ತಟ್ಟೆಯನ್ನು ಸಾಲಿಗೆ ಕೊಟ್ಟೆ. ತಟ್ಟೆ ಕೈಯಿಂದ ಕೈಗೆ ಹೋಯಿತು. ಮಗ್ಗದ ಬಳಿ ಮುಟ್ಟಿದಾಗ ಓಣಿಯ ಹಿರಿಯಳೊಬ್ಬಳು ಅದನ್ನು ಮೇಲೆತ್ತಿ, ಅತ್ತೆಯನ್ನೂ ಕುಸುಮಾಬಾಯಿಯನ್ನೂ ದಾಟಿಸಿ, ಬಾಗಿಲ ಬಳಿ ಕುಳಿತವಳಿಗೆ ಚಾಚಿದಳು. ಕುಸುಮಾಬಾಯಿ ತಟ್ಟೆಗೆ ದಾರಿಯಾಗಲೆಂದು ಮೈ ಹಿಡಿ ಮಾಡಿಕೊಂಡು ಹಿಂದೆ ಸರಿದರು. ಸಾವಿರ ಜನರ ಮುಂದೆ ಎದೆ ಸೆಟೆಸಿ ನಿಲ್ಲುವ ಹೆಂಗಸು ಹಾಗೆ ಸರಿದದ್ದನ್ನು ನನಗೆ ನೋಡಲಾಗಲಿಲ್ಲ. ಎದ್ದು ಹೋಗಿ ತಟ್ಟೆ ಇಸಿದುಕೊಂಡೆ. ಅವರ ಮುಂದೆ ಮೊಣಕಾಲೂರಿ ಕುಳಿತೆ.

ಅವರು ಹಣೆಗೆ ಕೈ ಅಡ್ಡ ಹಿಡಿದರು. "ಬ್ಯಾಡ ತಂಗಿ. ಬಸರ ಹೆಣ್ಣಮಗಳ ಕಾರ್ಯ. ನನ್ನ ಹಣಿ ಒಳ್ಳೇದಲ್ಲ."

"ಯಾರಂದ್ರು?" ಎಂದೆ.

ಅವರು ನನ್ನನ್ನೇ ನೋಡಿದರು. ನೆನಪಾಗಿತ್ತು ಅವರಿಗೆ, ಕಣ್ಣಲ್ಲೇ ಗೊತ್ತಾಯಿತು. ಆದರೂ ಕೈ ತೆಗೆಯಲಿಲ್ಲ. ಮೆಲ್ಲಗೆ ಅತ್ತೆಯ ಕಡೆ ತಿರುಗಿ, "ಮನಿ ಯಜಮಾನತಿಗೇ ಇಲ್ಲ, ನನಗ್ಯಾಕವಾ" ಎಂದರು.

ಸುಶೀಲಾ ಮಣೆಯ ಮೇಲೆ ಕುಳಿತು ತಾಯಿಯನ್ನೇ ನೋಡುತ್ತಿದ್ದಳು. ನಾನು ಅತ್ತೆಯ ಮುಖ ನೋಡಿದೆ. ಅವರು ಬೇಡವೆಂದರೆ ಮುಗಿಯಿತು. ಅವರ ಮನೆ, ಅವರ ಮಗಳು, ಅವರ ಮಗಳ ಹೊಟ್ಟೆಯ ಕೂಸು. ಎರಡು ಕೂಸು ಕಳೆದುಕೊಂಡವಳು ನಾನು, ಅವರ ಹೆದರಿಕೆ ನನಗೆ ತಿಳಿಯದ್ದೇನಲ್ಲ.

ಅತ್ತೆ ಸೆರಗು ಸರಿಪಡಿಸಿಕೊಂಡರು. "ಮದಲ ಬಾಯಾರಿಗೆ ಹಚ್ಚು" ಎಂದರು. "ಆಮ್ಯಾಲ ನನಗ."

ತಟ್ಟೆ ದಾಟಿಸಿದ ಹಿರಿಯಳು, "ಹಿಂತಾದೂ ನೋಡೂದಾತಲ್ಲ" ಎನ್ನುತ್ತ ಎದ್ದು ಹೊರಟಳು. "ಹೋಗಾಕಿ ಹೋಗಲಿ ಬಿಡ್ರಿ, ಎರಡ ಹೋಳಿಗಿ ಉಳೀತಾವ" ಎಂದರು ಅತ್ತೆ. ಅದು ನಮ್ಮ ಹಳೆಯ ಅತ್ತೆ! ಯಾರೋ ಒಬ್ಬರು ಕಿಸಕ್ಕೆಂದರು.

ಕುಸುಮಾಬಾಯಿ ಕೈ ಇಳಿಸಿ ಕಣ್ಣು ಮುಚ್ಚಿದರು. ನಾನು ಹಚ್ಚಿದೆ. ಅಂದಿನಂತೆಯೇ ಕುಂಕುಮ ಮೂಗಿನ ಮೇಲೆ ಚೆಲ್ಲಿತು. ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಲೈಟ್ ಇರಲಿಲ್ಲ, ಪೇಟಿ ಇರಲಿಲ್ಲ. ಕಣ್ಣು ತೆರೆಯದೆಯೇ, ಮಾಸ್ತರರ ಧಾಟಿಯಲ್ಲಿ, ಅವರದೇ ಎಳೆಯುವ ದನಿಯಲ್ಲಿ ಕೇಳಿದರು.

"ಏನವಾ, ಇವತ್ತ ಬದುಕಿದೆನೇನು?"

ನನಗೆ ಬಾಯಿ ಬರಲಿಲ್ಲ. ಅಷ್ಟು ಬಾಯಿ ಇರುವ ನನಗೆ! ಆ ಮಾತಿನ ಕತೆಯನ್ನು ಅತ್ತೆ ನನ್ನಿಂದ ಎಷ್ಟೋ ಸಲ ಕೇಳಿ ನಕ್ಕಿದ್ದರು. ಅವರೇ ಕುಸುಮಾಬಾಯಿಯ ಬೆನ್ನ ಮೇಲೆ ಕೈಯಿಟ್ಟು ಹೇಳಿದರು.

"ಬದುಕೀರಿ ಬಾಯಾರ. ಏಳ್ರಿ, ಚಹಾ ಕುಡೀರಿ."

ಆಮೇಲೆ ಅತ್ತೆಗೂ ಹಚ್ಚಿದೆ. ಅವರು ಎದ್ದು ಹೋಗಿ ಮಗಳ ಕೈಗೆ ತಾವೇ ಹಸಿರು ಬಳೆ ಇಡಿಸಿದರು. ಸುಶೀಲಾಳಿಗೆ ಗಂಡು ಕೂಸು ಸುಖವಾಗಿ ಹುಟ್ಟಿತು. ಎದ್ದು ಹೋದ ಹಿರಿಯಳು ಕೂಸನ್ನು ನೋಡಲು ಎಲ್ಲರಿಗಿಂತ ಮೊದಲು ಬಂದಳು.

ಕುಸುಮಾಬಾಯಿ ಈಗ ಇಲ್ಲ. ಅತ್ತೆಯೂ ಇಲ್ಲ. ಹಳೆಯ ಸಿನೆಮಾದಲ್ಲಿ ಎಂದಾದರೂ ಆ ಮುಖ ಬಂದರೆ ನಾನು ಒಲೆಯ ಮೇಲಿನ ಹಾಲು ಬಿಟ್ಟು ಬಂದು ನಿಲ್ಲುತ್ತೇನೆ. ಎಲ್ಲರೂ ಅವರ ದೊಡ್ಡ ಕಣ್ಣುಗಳನ್ನು ನೋಡುತ್ತಾರೆ, ನಾನು ಅವರ ಮೂಗನ್ನು ನೋಡುತ್ತೇನೆ. ನಮ್ಮ ಮನೆಯ ಕಾರ್ಯಗಳಲ್ಲಿ ತಟ್ಟೆ ಹೊರಡಿಸುವವಳು ಈಗಲೂ ನಾನೇ. ಅದು ಯಾರನ್ನಾದರೂ ದಾಟಲು ಎತ್ತರಕ್ಕೆ ಏಳತೊಡಗಿದರೆ, ಕುಳಿತಲ್ಲಿಂದಲೇ ಕೂಗುತ್ತೇನೆ. ಹಿಂದಿನ ಸಾಲಿನವರಿಗೂ ಕೇಳುವ ಹಾಗೆ.